ಹೊಸ ಆಂಟಿಬಯೊಟಿಕ್ ಹುಡುಕಾಟಕ್ಕೆ ನಮ್ಮ ಕಾಲೇಜುಗಳೂ ಇಳಿಯಲಿ

ಮಾನ್ಯ ಸಂಪಾದಕರೇ,

ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳ ಕುರಿತ ಲೇಖನಗಳು ಸಾಮಾನ್ಯವಾಗಿ ಒಂದೇ ಬುದ್ಧಿಮಾತಿಗೆ ಬಂದು ನಿಲ್ಲುತ್ತವೆ: ವೈದ್ಯರ ಚೀಟಿಯಿಲ್ಲದೆ ಆಂಟಿಬಯೊಟಿಕ್ ನುಂಗಬೇಡಿ. ಬೇಕಾದ ಮಾತೇ. ಆದರೆ ಇರುವುದನ್ನು ಜೋಪಾನ ಮಾಡಿದರಷ್ಟೇ ಸಾಲದು, ಹೊಸದೂ ಬೇಕು. ಆ ಹುಡುಕಾಟಕ್ಕೆ ಉತ್ತರ ಕನ್ನಡದ ಪದವಿ ಕಾಲೇಜುಗಳು ಕೈಹಾಕಬೇಕು ಎಂದು ಒತ್ತಾಯಿಸಲು ಈ ಪತ್ರ.

ನಾವು ನುಂಗುವ ಆಂಟಿಬಯೊಟಿಕ್‌ಗಳಲ್ಲಿ ಹೆಚ್ಚಿನವುಗಳ ತವರು ಮಣ್ಣು. 1943ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳ ವಿಜ್ಞಾನಿ ವಾಕ್ಸ್‌ಮನ್ ಅವರ ವಿದ್ಯಾರ್ಥಿ ಆಲ್ಬರ್ಟ್ ಶಾಟ್ಜ್ ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾ ಕುಲವಾದ ಸ್ಟ್ರೆಪ್ಟೊಮೈಸಿಸ್‌ನಿಂದ ಸ್ಟ್ರೆಪ್ಟೊಮೈಸಿನ್ ತೆಗೆದರು. ಕ್ಷಯಕ್ಕೆ ಮೊದಲ ಬಾರಿ ಮದ್ದು ಸಿಕ್ಕಿತು. 1952ರ ನೊಬೆಲ್ ಮಾತ್ರ ಗುರುವಿಗೊಬ್ಬರಿಗೇ ಹೋಯಿತು. ವ್ಯಾಂಕೊಮೈಸಿನ್ ಬಂದದ್ದು ಬೋರ್ನಿಯೊದ ಕಾಡಿನ ಮಣ್ಣಿನಿಂದ. ಎರಿತ್ರೊಮೈಸಿನ್ ಫಿಲಿಪ್ಪೀನ್ಸಿನದು. ಅಲ್ಲಿಯ ವೈದ್ಯ ಅಬೆಲಾರ್ಡೊ ಅಗಿಲಾರ್ 1949ರಲ್ಲಿ ಆ ಮಣ್ಣನ್ನು ಎಲಿ ಲಿಲ್ಲಿ ಕಂಪನಿಗೆ ಕಳಿಸಿದ್ದರು. ಅದರ ಲಾಭದ ಪಾಲಿಗಾಗಿ ಅವರು ಕೊನೆವರೆಗೂ ಕೇಳುತ್ತಲೇ ಇದ್ದರು. ನಮ್ಮಲ್ಲೂ ಈ ಪರಂಪರೆ ಇಲ್ಲದಿಲ್ಲ. ಪುಣೆ ಬಳಿಯ ಪಿಂಪ್ರಿಯ ಹಿಂದೂಸ್ತಾನ್ ಆಂಟಿಬಯಾಟಿಕ್ಸ್‌ನಲ್ಲಿ ಎಂ.ಜೆ. ತಿರುಮಲಾಚಾರ್ ಮತ್ತು ಸಂಗಡಿಗರು ಮಣ್ಣಿನ ಸ್ಟ್ರೆಪ್ಟೊಮೈಸಿಸ್‌ನಿಂದಲೇ ಹ್ಯಾಮೈಸಿನ್ ಎಂಬ ಶಿಲೀಂಧ್ರನಾಶಕ ತೆಗೆದರು. ಆ ಜೀವಿಯ ಹೆಸರಿನಲ್ಲೇ ಪಿಂಪ್ರಿ ಇದೆ.

ಆಮೇಲೆ ಹುಡುಕಾಟ ಸೊರಗಿತು. ಮಣ್ಣು ಬರಿದಾಯಿತೆಂದಲ್ಲ. ಒಂದೇ ಬಗೆಯ ತಟ್ಟೆ, ಒಂದೇ ಬಗೆಯ ಆಹಾರ, ವಾರದೊಳಗೆ ಫಲಿತಾಂಶ ಬೇಕೆಂಬ ಅವಸರ. ಹೀಗಾಗಿ ಸಿಕ್ಕಿದ್ದೇ ಮತ್ತೆ ಮತ್ತೆ ಸಿಕ್ಕತೊಡಗಿತು. ಮಣ್ಣಿನ ಬ್ಯಾಕ್ಟೀರಿಯಾಗಳಲ್ಲಿ ನೂರಕ್ಕೆ ಒಂದರಷ್ಟು ಮಾತ್ರ ಮಾಮೂಲು ಅಗರ್ ತಟ್ಟೆಯಲ್ಲಿ (ಬ್ಯಾಕ್ಟೀರಿಯಾ ಬೆಳೆಸಲು ಆಹಾರ ಬೆರೆಸಿದ ಗಟ್ಟಿ ಲೋಳೆಯ ತಟ್ಟೆ) ಬೆಳೆಯುತ್ತವೆ ಎಂಬ ಅಂದಾಜಿದೆ. ಉಳಿದವನ್ನು ಸಣ್ಣ ರಂಧ್ರಗಳ ಸಾಧನವೊಂದರಲ್ಲಿ ಕೂಡಿಟ್ಟು, ಅದನ್ನು ಮಣ್ಣಲ್ಲೇ ಹೂತು ಬೆಳೆಸಿದಾಗ 2015ರಲ್ಲಿ ಟೀಕ್ಸೊಬ್ಯಾಕ್ಟಿನ್ ಎಂಬ ಹೊಸ ಆಂಟಿಬಯೊಟಿಕ್ ಸಿಕ್ಕಿತು. 2025ರಲ್ಲಿ ವರದಿಯಾದ ಮತ್ತೊಂದು ಆಂಟಿಬಯೊಟಿಕ್ ಲ್ಯಾರಿಯೊಸಿಡಿನ್‌ನ ಕಥೆ ನನಗೆ ಇನ್ನೂ ಇಷ್ಟ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಒಂದು ಮನೆಯ ಹಿತ್ತಲಿನ ಮಣ್ಣು ತಂದು, ನಿಧಾನ ಬೆಳೆಯುವ ಜೀವಿಗಳೂ ತಲೆಯೆತ್ತಲೆಂದು ಹೆಚ್ಚುಕಡಿಮೆ ವರ್ಷವಿಡೀ ಕಾದರು. ಕಾಯುವುದಕ್ಕೆ ಕೋಟಿಗಟ್ಟಲೆಯ ಯಂತ್ರ ಬೇಡ.

ಇನ್ನು ನಮ್ಮ ಜಿಲ್ಲೆಯ ಮಣ್ಣು ನೋಡಿ. ಸಿದ್ದಾಪುರದ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ, ಎಂದರೆ ರಾಮಪತ್ರೆ ಮರಗಳ ಜೌಗು ಕಾಡಿನಲ್ಲಿ, ವರ್ಷದ ಬಹುಪಾಲು ನೀರು ನಿಂತು, ಕೆಸರಿಗೆ ಗಾಳಿಯೇ ಆಡುವುದಿಲ್ಲ. ಅಘನಾಶಿನಿ ದಂಡೆಯ ಗಜನಿ ಎಂಬ ತಗ್ಗು ಗದ್ದೆಗಳಲ್ಲಿ ಮಳೆಗಾಲದಲ್ಲಿ ಉಪ್ಪು ತಾಳುವ ಕಗ್ಗ ಭತ್ತ, ಉಳಿದ ಕಾಲ ಉಬ್ಬರದ ಉಪ್ಪುನೀರು. ಕಾಳಿ ನದಿಯ ಮುಖದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿನ ಕರಿಕೆಸರು. ಶಿರಸಿಯಲ್ಲಿ ತೋಟಕ್ಕೆ ಸೊಪ್ಪು ಕೊಡುವ ಸೊಪ್ಪಿನಬೆಟ್ಟದಲ್ಲಿ ದರಕು (ಒಣ ಎಲೆ) ಕೊಳೆತ ಮಣ್ಣಿದ್ದರೆ, ಅದರ ಕೆಳಗಿನ ಅಡಿಕೆ ತೋಟದಲ್ಲಿ ಕೊಳೆರೋಗಕ್ಕೆಂದು ಹೊಡೆದ ಬೋರ್ಡೋ ದ್ರಾವಣದ ತಾಮ್ರ ತಲೆಮಾರುಗಳಿಂದ ಇಳಿದ ಮಣ್ಣು. ತಾಮ್ರವನ್ನು ತಾಳಿಕೊಳ್ಳುವ ಬ್ಯಾಕ್ಟೀರಿಯಾಗಳು ಎಷ್ಟೋ ಸಲ ಆಂಟಿಬಯೊಟಿಕ್‌ಗಳನ್ನೂ ತಾಳಿಕೊಳ್ಳುತ್ತವೆ. ಬೆಟ್ಟದ ಮಣ್ಣನ್ನೂ ತೋಟದ ಮಣ್ಣನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ಒಳ್ಳೆಯ ವಿದ್ಯಾರ್ಥಿ ಯೋಜನೆ ಅಲ್ಲೇ ಆಯಿತು. ಅಂತರ್ಜಾಲದಿಂದ ಇಳಿಸಿ ಬೈಂಡ್ ಮಾಡಿಸಿದ ಪ್ರಾಜೆಕ್ಟ್ ವರದಿಗಳ ರಾಶಿಗೆ ಮತ್ತೊಂದು ಸೇರುವುದಕ್ಕಿಂತ ಇದು ಮೇಲು.

ಕೆಲಸದ ಮೊದಲ ಹಂತ ಸರಳ. ಒಂದು ಗ್ರಾಂ ಮಣ್ಣನ್ನು ಸೋಂಕಿಲ್ಲದ ನೀರಿನಲ್ಲಿ ಹಂತಹಂತವಾಗಿ ತೆಳುಮಾಡಿ ಅಗರ್ ಮೇಲೆ ಹರಡುವುದು. ಸುಣ್ಣದ ಪುಡಿ ಉದುರಿಸಿದಂತೆ ಕಾಣುವ ಗುಂಪುಗಳನ್ನು ಬೇರೆ ಮಾಡಿ, ರೋಗ ತರದ ಪ್ರಯೋಗಾಲಯದ ಬ್ಯಾಕ್ಟೀರಿಯಾ ತಳಿಗಳೆದುರು ಇಟ್ಟು, ಸುತ್ತ ಅವು ಬೆಳೆಯದ ತಿಳಿಯಾದ ವಲಯ ಬಿಡುತ್ತದೆಯೇ ಎಂದು ನೋಡುವುದು. ನಿಜವಾದ ರೋಗಾಣುಗಳನ್ನು ಕಾಲೇಜಿಗೆ ತರಲೇಬಾರದು. ಅಮೆರಿಕದ ಟೈನಿ ಅರ್ತ್ ಜಾಲದಲ್ಲಿ ಪದವಿ ವಿದ್ಯಾರ್ಥಿಗಳು ಈಗಲೂ ಮಾಡುತ್ತಿರುವುದು ಇದನ್ನೇ.

ವಲಯ ಕಂಡ ಮಾತ್ರಕ್ಕೆ ಔಷಧ ಸಿಕ್ಕಿತೆಂದು ಪೇಪರಿನಲ್ಲಿ ಫೋಟೊ ಹಾಕಿಸಿಕೊಳ್ಳುವ ಅಗತ್ಯವೂ ಇಲ್ಲ. ಅವುಗಳಲ್ಲಿ ಹೆಚ್ಚಿನವು ಹಳೆಯ ಸಂಯುಕ್ತಗಳೇ ಆಗಿರುತ್ತವೆ, ಕೆಲವು ನಮ್ಮ ಜೀವಕೋಶಗಳಿಗೂ ವಿಷ. ಟೀಕ್ಸೊಬ್ಯಾಕ್ಟಿನ್ ಇನ್ನೂ ಔಷಧದಂಗಡಿಗೆ ಬಂದಿಲ್ಲ. ಪ್ಲಾಜೊಮೈಸಿನ್ ಎಂಬ ಆಂಟಿಬಯೊಟಿಕ್‌ಗೆ 2018ರಲ್ಲಿ ಅನುಮತಿ ಪಡೆದ ಅಕಾವೊಜೆನ್ ಕಂಪನಿ ಮರುವರ್ಷವೇ ದಿವಾಳಿಯಾಯಿತು. ಒಂದು ವಾರ ನುಂಗಿ ಬಿಡುವ ಔಷಧದಲ್ಲಿ ಕಂಪನಿಗಳಿಗೆ ಗಿಟ್ಟುವುದು ಕಡಿಮೆ. ಹಾಗಾಗಿಯೇ ಈ ಹುಡುಕಾಟದ ಮೊದಲ ಭಾಗವನ್ನಾದರೂ ಸಾರ್ವಜನಿಕ ಸಂಸ್ಥೆಗಳು ಹೊರಬೇಕು.

ಅಗಿಲಾರ್‌ಗೆ ಆದದ್ದು ನಮಗೆ ಆಗಬಾರದೆಂದರೆ ದಾಖಲೆ ಬೇಕು. 2002ರ ಜೀವವೈವಿಧ್ಯ ಕಾಯ್ದೆ ಸೂಕ್ಷ್ಮಜೀವಿಗಳನ್ನೂ ಜೈವಿಕ ಸಂಪನ್ಮೂಲವೆಂದೇ ಎಣಿಸುತ್ತದೆ. ವಿದೇಶಿಯರು ಒಯ್ಯುವುದಕ್ಕೆ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಕಡ್ಡಾಯ. ಪಂಚಾಯಿತಿಗಳಲ್ಲಿರಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿಗಳ ದಾಖಲಾತಿ ಪುಸ್ತಕದಲ್ಲಿ ಮರ, ಹಕ್ಕಿ, ಮೀನುಗಳ ಜೊತೆ ಯಾವ ಜಾಗದ ಮಣ್ಣು ಯಾವ ಕಾಲೇಜಿಗೆ ಹೋಯಿತು ಎಂಬ ಒಂದು ಸಾಲೂ ಸೇರಲಿ.

ಕರ್ನಾಟಕ ವಿಶ್ವವಿದ್ಯಾಲಯ ಇದನ್ನು ಅಂತಿಮ ವರ್ಷದ ಪ್ರಾಯೋಗಿಕ ಪಠ್ಯಕ್ಕೆ ಸೇರಿಸಬಹುದು. ಅದರದೇ ಕಡಲ ಜೀವಶಾಸ್ತ್ರ ವಿಭಾಗ ಕಾರವಾರದ ಕೋಡಿಬಾಗದಲ್ಲಿದೆ, ಶಿರಸಿಯಲ್ಲಿ ಅರಣ್ಯ ಕಾಲೇಜಿದೆ. ಆಶಾದಾಯಕ ತಳಿಗಳನ್ನು ತಂಪಿನಲ್ಲಿ ಕಾಪಿಡುವ ಹೊಣೆಯನ್ನು ಇವೆರಡರಲ್ಲೊಂದು ಹೊರಲಿ. ಏಕೆಂದರೆ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಬದಲಾಗುತ್ತಾರೆ, ತಟ್ಟೆಗಳು ತೊಳೆದು ಹೋಗುತ್ತವೆ. ಜಡ್ಡಿಯಂಥ ಕಾಯ್ದಿಟ್ಟ ಕಾಡಿನಿಂದ ಒಂದು ಹಿಡಿ ಮಣ್ಣು ತರಲು ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಜಿಲ್ಲೆಯ ಎಲ್ಲ ಕಾಲೇಜುಗಳ ಪರವಾಗಿ ಒಂದೇ ಅರ್ಜಿ ಹೋಗುವಂತೆ ಜಿಲ್ಲಾಡಳಿತ ಈ ಮಳೆಗಾಲ ಮುಗಿಯುವುದರೊಳಗೆ ವ್ಯವಸ್ಥೆ ಮಾಡಲಿ.

– ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ, ಶಿರಸಿ