ಮೂಳೆ ಕೂಡಿದ ಮೇಲೂ ನೋಯುವ ಕೈ

ಚಿರಂಜೀವಿ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಅಮ್ಮ ಫೋನಿನಲ್ಲಿ ಹೇಳಿದಾಗಿನಿಂದ ಮನಸ್ಸು ತಡೆಯದೆ ಇದನ್ನು ಬರೆಯುತ್ತಿದ್ದೇನೆ. ಪ್ಲಾಸ್ಟರ್ ಬಿಚ್ಚಿ ಮೂರು ತಿಂಗಳಾದರೂ ಬೀಗ ತಿರುಗಿಸುವಾಗ ಮಣಿಕಟ್ಟು ಚುಳ್ ಎನ್ನುತ್ತದಂತೆ. ಕೇಳಿದವರಿಗೆಲ್ಲ ನೀನು ‘ಸಣ್ಣ ಬಿರುಕು ತಾನೇ, ಮೂಳೆ ಕೂಡಿದೆ ಎಂದಿದ್ದಾರೆ’ ಎನ್ನುತ್ತೀಯಂತೆ. ಇಂಥದೇ ಮಾತನ್ನು ನಾನೂ ಒಂದು ವರ್ಷ ಹೇಳಿಕೊಂಡು ತಿರುಗಿದ್ದೆ. ಅದಕ್ಕೇ ನನಗೆ ಹೆದರಿಕೆ.

ನಿನ್ನ ವಯಸ್ಸಿನಲ್ಲಿ ನಾನು ಮೆಟ್ಟಿಲ ಮೇಲೆ ಜಾರಿ, ಅಂಗೈ ಊರಿ ಬಿದ್ದೆ. ಅಂದಿನ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಉಳುಕು ಎಂದು ಪಟ್ಟಿ ಕಟ್ಟಿ ಕಳುಹಿಸಿದರು. ಮುರಿದದ್ದು ಸ್ಕೇಫಾಯ್ಡ್ ಎಂಬ ಪುಟ್ಟ ಮೂಳೆ. ಹೆಬ್ಬೆರಳನ್ನು ಹಿಂದಕ್ಕೆ ಸೆಟೆಸಿದರೆ ಅದರ ಬುಡದಲ್ಲಿ ಒಂದು ಗುಳಿ ಬೀಳುತ್ತದಲ್ಲ, ಅದರ ತಳದಲ್ಲಿದೆ. ಮಣಿಕಟ್ಟಿನ 8 ಸಣ್ಣ ಮೂಳೆಗಳಲ್ಲಿ ಇದರ ಸ್ವಭಾವವೇ ಬೇರೆ. ಇದಕ್ಕೆ ರಕ್ತ ಹೆಚ್ಚಾಗಿ ಬೆರಳ ಕಡೆಯ ತುದಿಯಿಂದ ಹೊಕ್ಕು ಹಿಂದಕ್ಕೆ ಹರಿಯುತ್ತದೆ. ನಡುವೆ ಬಿರುಕು ಬಿಟ್ಟರೆ ಮೊಣಕೈ ಕಡೆಯ ತುಂಡಿಗೆ ರಕ್ತ ಸಾಲದಾಗಿ ಅದು ನಿಧಾನವಾಗಿ ಕೂಡುತ್ತದೆ, ಕೆಲವೊಮ್ಮೆ ಕೂಡುವುದೇ ಇಲ್ಲ. ಮೊದಲ ದಿನ ಕಣ್ಣು ತಪ್ಪಿಸಿದ ಬಿರುಕು 10ರಿಂದ 14 ದಿನ ಬಿಟ್ಟು ತೆಗೆದ ಎಕ್ಸ್‌ರೇಯಲ್ಲಿ ಕಾಣಬಹುದು. ಎಂಆರ್‌ಐ ಅದಕ್ಕೂ ಮೊದಲೇ ಹೇಳಿಬಿಡುತ್ತದೆ. ನಾನು ಮರಳಿ ಹೋಗಲೇ ಇಲ್ಲ. ಕಡೆಗೆ ಸೊಂಟದ ಮೂಳೆಯ ಚೂರು ತಂದಿಟ್ಟು ಸ್ಕ್ರೂ ಹಾಕಬೇಕಾಯಿತು. ಇವತ್ತಿಗೂ ಆ ಕೈ ಹಿಂದಕ್ಕೆ ಅರ್ಧ ಮಾತ್ರ ಬಾಗುತ್ತದೆ.

ನಿನ್ನದು ಮುಂದೋಳಿನ ಮೂಳೆಯ ತುದಿಯ ಬಿರುಕು, ಅದು ಸಾಮಾನ್ಯವಾಗಿ ಚೆನ್ನಾಗಿಯೇ ಕೂಡುತ್ತದೆ. ಆರು ವಾರ ಅಲುಗಾಡದೆ ಇದ್ದ ಕೈ ಬಿಗಿಯುವುದು, ಹಿಡಿತ ಸೋಲುವುದು ಸಹಜ. ಪೂರ್ತಿ ಬಲ ಬರಲು ಒಂದು ವರ್ಷ ಹಿಡಿದರೂ ಆಶ್ಚರ್ಯವಿಲ್ಲ. ವಾರದಿಂದ ವಾರಕ್ಕೆ ಕೂದಲೆಳೆಯಷ್ಟಾದರೂ ಸುಧಾರಿಸುತ್ತಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ನಿಂತಲ್ಲೇ ನಿಂತಿದೆ ಎಂದು ಅಮ್ಮ ಹೇಳಿದಳು. ತಿರುಗಿಸುವಾಗ, ಬಟ್ಟೆ ಹಿಂಡುವಾಗ, ಅದೂ ಕಿರುಬೆರಳ ಬದಿಗೇ ನೋವು ಬರುತ್ತಿದ್ದರೆ ಅಲ್ಲಿರುವ ಮೃದ್ವಸ್ಥಿಯ ಮೆತ್ತೆ ಹರಿದಿರಬಹುದು. ವೈದ್ಯರು ಅದನ್ನು ಟಿಎಫ್‌ಸಿಸಿ ಎನ್ನುತ್ತಾರೆ. ನೀನು ಬಿದ್ದ ಪೆಟ್ಟಿಗೇ ಮೂಳೆಯ ಜೊತೆಗೆ ಅದೂ ಹರಿದಿರಬಹುದು. ಎಕ್ಸ್‌ರೇ ತೋರಿಸುವುದು ಮೂಳೆಯನ್ನು. ಮೆತ್ತೆಯಾಗಲಿ ಅಸ್ಥಿರಜ್ಜುವಾಗಲಿ ಅದರಲ್ಲಿ ಕಾಣುವುದಿಲ್ಲ. ಮೂಳೆ ಕೂಡಿದೆ ಎಂದವರು ಸುಳ್ಳು ಹೇಳಿಲ್ಲ, ನೀನು ಕೇಳಬೇಕಾದ ಪ್ರಶ್ನೆ ಇನ್ನೊಂದು ಉಳಿದಿದೆ.

ಇದನ್ನು ಓದುವುದನ್ನು ನಿಲ್ಲಿಸಿ ಈಗಲೇ ಅಂಗೈಯನ್ನು ಮೇಜಿನ ಮೇಲೆ ಮಟ್ಟಸವಾಗಿ ಇಟ್ಟು ಹೆಬ್ಬೆರಳೊಂದನ್ನೇ ಮೇಲೆತ್ತಿ ನೋಡು. ಏಳುತ್ತದೆಯೇ? ಆ ಬೆರಳನ್ನು ಎತ್ತುವ ಸ್ನಾಯುರಜ್ಜು ಮುರಿದ ಜಾಗದ ಹತ್ತಿರ ಸವೆದು, ವಾರಗಳ ಮೇಲೆ ಒಂದು ದಿನ ಇದ್ದಕ್ಕಿದ್ದಂತೆ ತುಂಡಾಗುವುದುಂಟು. ಜಾಗ ಕದಲದ ಚಿಕ್ಕ ಬಿರುಕಿನಲ್ಲೇ ಇದು ಹೆಚ್ಚು ಎಂದು ತಿಳಿದಾಗ ನಾನು ಬೆಚ್ಚಿದ್ದೆ. ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ರಾತ್ರಿ ಜೋಮು ಹಿಡಿಯುತ್ತಿದ್ದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರಬಹುದು, ಅದನ್ನೂ ಹೇಳು. ಕೈ ಉರಿದು, ಊದಿ, ಚರ್ಮದ ಬಣ್ಣ ಬದಲಾಗಿ, ಬಟ್ಟೆ ತಾಗಿದರೂ ತಾಳಲಾಗದಂತಿದ್ದರೆ ಮಾತ್ರ ನಾಳೆಗೂ ಕಾಯಬೇಡ.

ಯಾರಾದರೂ ಬಲವಾಗಿ ತಿಕ್ಕಿ ಎಳೆದು ಸರಿಮಾಡುತ್ತೇನೆ ಎಂದರೆ ಕೈ ಕೊಡಬೇಡ. ವೈದ್ಯರು ನೋಡುವವರೆಗೆ ಬೆರಳುಗಳನ್ನು ಮುಷ್ಟಿ ಕಟ್ಟಿ ಬಿಡಿಸುತ್ತಿರು. ಬೆಚ್ಚನೆಯ ನೀರಿನಲ್ಲಿ ಕೈ ಇಟ್ಟರೆ ಬಿಗಿ ಸಡಿಲವಾಗುತ್ತದೆ. ಭಾರ ಎತ್ತುವುದು, ತಿರುಚುವುದು ಸದ್ಯಕ್ಕೆ ಬೇಡ. ಹರಿದದ್ದೇನೂ ಇಲ್ಲ ಎಂದು ಖಚಿತವಾದ ಮೇಲೆ ಫಿಸಿಯೋಥೆರಪಿಯನ್ನು ಒಂದು ದಿನವೂ ತಪ್ಪಿಸದೆ ಮಾಡು. ವ್ಯಾಯಾಮದಲ್ಲಿ ತುಸು ನೋಯಲಿ, ಆದರೆ ಮರುದಿನ ಊದಿದರೆ ಅತಿಯಾಯಿತೆಂದು ತಿಳಿದುಕೋ.

ಸಾಧ್ಯವಾದರೆ ಕೈಯ ಶಸ್ತ್ರಚಿಕಿತ್ಸೆಯಲ್ಲೇ ಪಳಗಿದ ಮೂಳೆ ತಜ್ಞರನ್ನು ಕಾಣು. ಹಳೆಯ ಎಕ್ಸ್‌ರೇಗಳನ್ನೆಲ್ಲ ಒಯ್ಯಿ. ‘ನೋವಿದೆ’ ಎಂದಷ್ಟೇ ಹೇಳಿ ಬರಬೇಡ; ನೋಯುವ ಜಾಗವನ್ನು ಒಂದೇ ಬೆರಳಿನಿಂದ ತೋರಿಸು, ಯಾವ ಕೆಲಸದಲ್ಲಿ ನೋಯುತ್ತದೆ ಎಂದು ಮಾಡಿ ತೋರಿಸು. ನಾನು ಹಲ್ಲು ಕಚ್ಚಿ ಪರವಾಗಿಲ್ಲ ಎಂದಿದ್ದೆನಲ್ಲ, ಹಾಗೆ ಮಾಡಬೇಡ ಮಗಳೇ.

ಒಬ್ಬಳೇ ಹೋಗಲು ಮನಸ್ಸಿಲ್ಲದಿದ್ದರೆ ದಿನ ಗೊತ್ತುಮಾಡಿ ತಿಳಿಸು, ನಾನು ಜೊತೆಗೆ ಬರುತ್ತೇನೆ.

ನಿನ್ನ ದೊಡ್ಡಮ್ಮ