ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ನಿಲ್ಲುವ ಪ್ರತಿ ಮಗುವಿಗೂ ಒಬ್ಬ ವಕೀಲರನ್ನು ಕೊಡಿ: ಸಚಿವರಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ಮಾನ್ಯರೇ,

ನಾನು ಪಾಂಡವಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುವ ಶಿಕ್ಷಕಿ. ನನ್ನ ಯಜಮಾನರು ಕಬ್ಬು ಬೆಳೆಯುವ ರೈತರು. ತಾಯಿ ತೀರಿಕೊಂಡು, ತಂದೆ ಎಲ್ಲಿದ್ದಾನೆಂದು ಯಾರಿಗೂ ಗೊತ್ತಿಲ್ಲದ ಅಕ್ಕ-ತಮ್ಮಂದಿರಿಬ್ಬರನ್ನು ಇಂಥ ಮಕ್ಕಳನ್ನು ತಾತ್ಕಾಲಿಕವಾಗಿ ಬೇರೆ ಮನೆಯಲ್ಲಿ ಬೆಳೆಸುವ ಸರ್ಕಾರದ ಪೋಷಕತ್ವ (ಫಾಸ್ಟರ್ ಕೇರ್) ಯೋಜನೆಯಡಿ ಎರಡೂವರೆ ವರ್ಷ ನಮ್ಮ ಮನೆಯಲ್ಲಿ ಸಾಕಿದೆವು. ತಮ್ಮ ಈಗಲೂ ನಮ್ಮ ಜೊತೆಗಿದ್ದಾನೆ. ಅಕ್ಕ ಇಲ್ಲ. ಆಸರೆಯಿಲ್ಲದ ಮಕ್ಕಳು ಎಲ್ಲಿ, ಯಾರ ಜೊತೆ ಇರಬೇಕೆಂದು ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿ ಅವಳನ್ನು ಬೇರೆ ಮನೆಗೆ ಕಳಿಸಿತು. ಒಂದೂವರೆ ವರ್ಷದಿಂದ ಕಚೇರಿಯಿಂದ ಕಚೇರಿಗೆ ಅರ್ಜಿ ಕೊಟ್ಟು, ಹಿಂಬರಹವೂ ಸಿಗದೆ, ಕೊನೆಗೆ ತಮಗೆ ಹೀಗೆ ಎಲ್ಲರೆದುರು ಬರೆಯುತ್ತಿದ್ದೇನೆ. ಯಾವ ಜಿಲ್ಲೆಯ ಸಮಿತಿ, ಯಾವ ಊರಿನ ಮಕ್ಕಳು ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಮಗುವಿನ ಗುರುತು ಬಯಲು ಮಾಡಬಾರದೆಂದು ಕಾನೂನೇ ಹೇಳಿದೆ, ಅದನ್ನು ನಾನಾದರೂ ಪಾಲಿಸುತ್ತೇನೆ.

ಸಮಿತಿಯ ವಿಚಾರಣೆಯ ದಿನ ಬೆಳಗಿನ ಜಾವವೇ ಎದ್ದು, ಎರಡು ಬಸ್ಸು ಬದಲಾಯಿಸಿ, ಹತ್ತೂವರೆಗೆ ಸಮಿತಿಯ ಕಚೇರಿ ತಲುಪಿದೆವು. ಮಕ್ಕಳ ದೊಡ್ಡಪ್ಪ ಎಂದು ಹೇಳಿಕೊಂಡ ಒಬ್ಬರು ಹುಡುಗಿಯನ್ನು ಮಾತ್ರ ತಮ್ಮ ವಶಕ್ಕೆ ಕೊಡಬೇಕೆಂದು ಕೇಳಿದ್ದರು. ಆಗ ಅವಳಿಗೆ ಒಂಬತ್ತು ವರ್ಷ, ಅವನಿಗೆ ಐದು. ಸಂಜೆ ನಾಲ್ಕರವರೆಗೆ ನಾವು ಮೂವರೂ ಹೊರಗಿನ ಬೆಂಚಿನ ಮೇಲೆ ಕೂತಿದ್ದೆವು. ‘ದೊಡ್ಡಮ್ಮ, ನನ್ನನ್ನ ಯಾವಾಗ ಕರೀತಾರೆ?’ ಎಂದು ಅವಳು ಎಷ್ಟು ಸಲ ಕೇಳಿದಳೋ ಲೆಕ್ಕವಿಲ್ಲ. ಮಧ್ಯಾಹ್ನದ ಹೊತ್ತಿಗೆ ನನ್ನ ಚೀಲದಿಂದ ನೋಟ್ ಪುಸ್ತಕ ತೆಗೆದು, ಒಂದು ಹಾಳೆ ಹರಿದು, ಮೊಣಕಾಲ ಮೇಲಿಟ್ಟುಕೊಂಡು ಬರೆದಳು: ‘ಮೇಡಂ, ತಮ್ಮನಿಗೆ ರಾತ್ರಿ ಬಯ ಆಗುತ್ತೆ. ನಾನು ಪಕ್ಕದಲ್ಲಿ ಮಲಗಬೇಕು. ನಮ್ಮಿಬ್ಬರನ್ನು ಒಂದೇ ಮನೇಲಿ ಇಡಿ.’ ಇಪ್ಪತ್ತು ವರ್ಷದಿಂದ ಮಕ್ಕಳ ಮಹಾಪ್ರಾಣ ತಿದ್ದುತ್ತ ಬಂದವಳು ನಾನು. ಅಂದು ಆ ‘ಬಯ’ವನ್ನು ತಿದ್ದಲು ಕೈ ಬರಲಿಲ್ಲ.

ಆ ಚೀಟಿಯನ್ನು ಒಳಗೆ ಕಳಿಸಿ ಎಂದು ಕೇಳಿದರೆ ಟಪಾಲಿಗೆ ಕೊಡಿ ಎಂದರು. ಟಪಾಲಿನವರು, ಅಪ್ರಾಪ್ತರ ಅರ್ಜಿಯನ್ನು ಪೋಷಕರ ಸಹಿ ಇಲ್ಲದೆ ತೆಗೆದುಕೊಳ್ಳಲು ಬರುವುದಿಲ್ಲ ಎಂದರು. ನಾನು ಸಹಿ ಹಾಕುತ್ತೇನೆಂದರೆ, ನೀವು ತಾತ್ಕಾಲಿಕವಾಗಿ ಸಾಕುತ್ತಿರುವವರು, ಕಾನೂನು ಪ್ರಕಾರ ಪೋಷಕರಲ್ಲ ಎಂದರು. ತಂದೆ-ತಾಯಿ ಇಲ್ಲದ ಕಾರಣಕ್ಕೇ ಆ ಕಚೇರಿಗೆ ಬಂದ ಮಗುವಿಗೆ ತಂದೆ-ತಾಯಿಯ ಸಹಿ ತರಲು ಹೇಳಿದರು, ಸಚಿವರೇ. ನಾಲ್ಕು ಗಂಟೆಗೆ ನನ್ನನ್ನೊಬ್ಬಳನ್ನೇ ಒಳಗೆ ಕರೆದು, ಹುಡುಗಿಯನ್ನು ವಾರದೊಳಗೆ ದೊಡ್ಡಪ್ಪನ ಮನೆಗೆ ಒಪ್ಪಿಸಬೇಕೆಂದು ತಿಳಿಸಿದರು. ಆ ಆದೇಶದ ಪ್ರತಿ ನನ್ನ ಕೈಗೆ ಬಂದದ್ದು 41 ದಿನಗಳ ನಂತರ. ಅದರಲ್ಲಿ, ‘ಮಗುವನ್ನು ಖುದ್ದು ವಿಚಾರಿಸಿ ಅಭಿಪ್ರಾಯ ಪಡೆಯಲಾಗಿದೆ’ ಎಂಬ ಸಾಲಿದೆ. ಆ ಮಗು ಅಂದು ಆ ಕೋಣೆಯ ಹೊಸ್ತಿಲನ್ನೇ ದಾಟಿರಲಿಲ್ಲ.

ಈ ಕಾಯ್ದೆಯ ಬಗ್ಗೆ ತಮಗೆ ನಾನು ಹೇಳಿಕೊಡಬೇಕಾದ್ದು ಏನೂ ಇಲ್ಲ. 2015ರ ಬಾಲ ನ್ಯಾಯ ಕಾಯ್ದೆಯು ಮಗುವಿಗೆ ತನ್ನ ಮಾತು ಹೇಳುವ ಹಕ್ಕನ್ನು ಮೂಲ ತತ್ವಗಳಲ್ಲೇ ಸೇರಿಸಿದೆ, ಒಡಹುಟ್ಟಿದವರನ್ನು ಪೋಷಕತ್ವದಲ್ಲಿ ಒಟ್ಟಿಗೆ ಇಡಲು ಎಲ್ಲ ಪ್ರಯತ್ನ ಮಾಡಬೇಕೆಂದಿದೆ, ಮಕ್ಕಳಿಗೆ ತಕ್ಕ ಕಾನೂನು ಸೇವೆ ದೊರಕಿಸುವುದು ಸಮಿತಿಯ ಕರ್ತವ್ಯಗಳಲ್ಲಿ ಒಂದೆಂದೂ ಹೇಳಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ, ಆದಾಯ ಎಷ್ಟೇ ಇರಲಿ, ಪ್ರತಿ ಮಗುವೂ ಉಚಿತ ಕಾನೂನು ನೆರವಿಗೆ ಅರ್ಹ. ಹಾಗಿದ್ದ ಮೇಲೆ ಆ ಬೆಂಚಿನ ಮೇಲೆ ನಮ್ಮ ಪಕ್ಕದಲ್ಲಿ ಒಬ್ಬ ವಕೀಲರು ಏಕೆ ಇರಲಿಲ್ಲ? ಬಾಲ ನ್ಯಾಯ ಕಾಯ್ದೆಯಡಿಯೇ, ಕಳ್ಳತನವನ್ನೋ ಹೊಡೆದಾಟವನ್ನೋ ಮಾಡಿದ ಆರೋಪದ ಮೇಲೆ ಬಾಲ ನ್ಯಾಯ ಮಂಡಳಿಯ ಮುಂದೆ ಬರುವ ಹುಡುಗನಿಗೆ ಕಾನೂನು ನೆರವು ಸಿಗುವಂತೆ ಮಂಡಳಿಯೇ ನೋಡಿಕೊಳ್ಳಬೇಕು. ಅದು ನ್ಯಾಯವೇ, ಅವನಿಗೆ ಸಿಗಲೇಬೇಕು. ಆದರೆ ಯಾವ ತಪ್ಪನ್ನೂ ಮಾಡದೆ, ಅವ್ವನನ್ನು ಕಳೆದುಕೊಂಡ ಒಂದೇ ಕಾರಣಕ್ಕೆ ಸಮಿತಿಯ ಮುಂದೆ ಬಂದ ಮಗುವಿನ ಬದುಕು ಯಾವ ಮನೆಯಲ್ಲಿ, ಯಾರ ಜೊತೆ ಸಾಗಬೇಕೆಂದು ತೀರ್ಮಾನವಾಗುವಾಗ ಅದರ ಪರವಾಗಿ ಒಬ್ಬರೂ ಇರುವುದಿಲ್ಲ. ಸಮಿತಿಗೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಅಧಿಕಾರವಿದೆ. ಅಷ್ಟು ಅಧಿಕಾರವಿರುವವರ ಮುಂದೆ ಒಂಬತ್ತು ವರ್ಷದವಳನ್ನು ಒಂಟಿಯಾಗಿ ನಿಲ್ಲಿಸುತ್ತೇವೆ. ನಮ್ಮ ಹುಡುಗಿಗಂತೂ ನಿಲ್ಲುವುದಕ್ಕೂ ಆಗಲಿಲ್ಲ.

ದೊಡ್ಡಪ್ಪ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಸಮಿತಿಯ ತೀರ್ಮಾನವೇ ಸರಿಯೆಂದು ಮುಂದೊಂದು ದಿನ ಗೊತ್ತಾದರೂ ಆಗಬಹುದು. ರಕ್ತಸಂಬಂಧಿಕರ ಮನೆ ಮೊದಲು ಎಂಬ ಕಾಯ್ದೆಯ ಆಶಯವನ್ನೂ ನಾನು ಬಲ್ಲೆ. ನನ್ನ ಮಾತನ್ನೂ ಪೂರ್ತಿ ನಂಬಬೇಡಿ ಎಂದೇ ಕೇಳಿಕೊಳ್ಳುತ್ತೇನೆ, ಏಕೆಂದರೆ ಆ ಮಗು ನನಗೆ ಬೇಕಿತ್ತು, ಬೇಕಾದವರ ಮಾತಿನಲ್ಲಿ ಆಸೆ ಸೇರಿರುತ್ತದೆ. ದೊಡ್ಡಪ್ಪ ತಮ್ಮ ಪರವಾಗಿ ಮಾತಾಡಿದರು, ನಾನು ನನ್ನ ಪರವಾಗಿ, ಅಧಿಕಾರಿಗಳು ಕಡತದ ಪರವಾಗಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕಾನೂನು ಮತ್ತು ಪರಿವೀಕ್ಷಣಾಧಿಕಾರಿ ಇದ್ದಾರಲ್ಲ ಎಂದು ತಮ್ಮ ಇಲಾಖೆ ಉತ್ತರಿಸಬಹುದು. ಅವರು ಇಲಾಖೆಯ ನೌಕರರು. ಮಗುವನ್ನು ಎಲ್ಲಿಡಬೇಕೆಂದು ವರದಿ ಕೊಡುವ ಘಟಕದವರೇ ಆ ವರದಿಯನ್ನು ಮಗುವಿನ ಪರವಾಗಿ ಪ್ರಶ್ನಿಸುವುದು ಹೇಗೆ? ಮಗುವಿಗೆ ಬೇಕಾದ್ದು ಮಗುವಿಗೆ ಮಾತ್ರ ಉತ್ತರ ಹೇಳಬೇಕಾದ ವಕೀಲರು.

ಮೇಲ್ಮನವಿಗೆ ಹೋಗಬೇಕಿತ್ತು ಎಂದು ನಂತರ ಹಲವರು ಹೇಳಿದರು. ಮೇಲ್ಮನವಿಗೆ ಇರುವ ಕಾಲಾವಕಾಶ 30 ದಿನ, ಆದೇಶ ಕೈಗೆ ಬಂದದ್ದು 41ನೇ ದಿನ. ಪೋಷಕತ್ವದ ತೀರ್ಮಾನವಾದರೆ ಜಿಲ್ಲಾಧಿಕಾರಿಯವರಿಗೆ, ಉಳಿದ ಆದೇಶಗಳಾದರೆ ಮಕ್ಕಳ ನ್ಯಾಯಾಲಯಕ್ಕೆ ಹೋಗಬೇಕಂತೆ. ನಮ್ಮದು ಇವೆರಡರಲ್ಲಿ ಯಾವುದು ಎಂದು ತಿಳಿಯಲು ನನಗೆ ಮೂರು ದಿನದ ರಜೆ ಖರ್ಚಾಯಿತು. ತಕ್ಕ ಕಾರಣವಿದ್ದರೆ ತಡವನ್ನು ಮನ್ನಿಸಲು ಅವಕಾಶವಿದೆ ಎಂಬುದು ಗೊತ್ತಾಗುವಷ್ಟರಲ್ಲಿ ಅವಳನ್ನು ಬೇರೆ ಶಾಲೆಗೆ ಸೇರಿಸಿಯಾಗಿತ್ತು. ಕನ್ನಡ ಎಂ.ಎ. ಮಾಡಿದ ನನ್ನ ಪಾಡೇ ಇದು. ನಾಲ್ಕನೇ ತರಗತಿಯ ಹುಡುಗಿ ಈ ಮೇಲ್ಮನವಿಯನ್ನು ಯಾರ ಕೈಯಲ್ಲಿ ಬರೆಸಬೇಕಿತ್ತು?

ತಿಂಗಳಿಗೆ ಒಂದು ಮಗುವಿಗೆ ಕೊಡುವ 4,000 ರೂಪಾಯಿಯ ಬಗ್ಗೆ ನಾನು ಬರೆಯುತ್ತಿಲ್ಲ. ಅದು ತಿಂಗಳುಗಟ್ಟಲೆ ಬಾರದಿದ್ದಾಗಲೂ ಬರೆಯಲಿಲ್ಲ. ಪೋಷಕ ಕುಟುಂಬಗಳನ್ನು ಸಮಿತಿ ಪ್ರತಿ ತಿಂಗಳೂ ಪರಿಶೀಲಿಸಬೇಕೆಂದಿದ್ದರೂ ಎರಡೂವರೆ ವರ್ಷದಲ್ಲಿ ನಮ್ಮ ಮನೆಗೆ ಬಂದದ್ದು ಮೂರು ಸಲ. ಅದಕ್ಕೂ ನಾನು ಯಾರನ್ನೂ ದೂರಲಿಲ್ಲ. ಅಷ್ಟೆಲ್ಲ ಸಹಿಸಿದವಳು ಈಗ ಒಂದನ್ನು ಮಾತ್ರ ಕೇಳುತ್ತಿದ್ದೇನೆ. ಸಮಿತಿಯ ಮುಂದೆ ಬರುವ ಪ್ರತಿ ಮಗುವಿಗೂ, ಕೇಳಲಿ ಕೇಳದಿರಲಿ, ಮೊದಲ ದಿನವೇ ಕಾನೂನು ಸೇವಾ ಪ್ರಾಧಿಕಾರದ ಒಬ್ಬ ವಕೀಲರನ್ನು ಕೊಡಿ. ಆ ವಕೀಲರು ಮಗುವಿನ ಜೊತೆ ಪ್ರತ್ಯೇಕವಾಗಿ ಮಾತಾಡದೆ ಅದನ್ನು ಒಂದು ಮನೆಯಿಂದ ಇನ್ನೊಂದಕ್ಕೆ ಕಳಿಸುವ ಆದೇಶ ಹೊರಡಬಾರದು. ಆದೇಶದ ಪ್ರತಿ ಅದೇ ದಿನ ಅವರ ಕೈ ಸೇರಬೇಕು. ನಿಯಮ ರೂಪಿಸುವ ಅಧಿಕಾರವನ್ನು ಕಾಯ್ದೆ ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ಇದು ಲೋಕದಲ್ಲಿ ಇಲ್ಲದ ಬೇಡಿಕೆಯೂ ಅಲ್ಲ. ಅಮೆರಿಕದಲ್ಲಿ ದೌರ್ಜನ್ಯಕ್ಕೆ, ನಿರ್ಲಕ್ಷ್ಯಕ್ಕೆ ಒಳಗಾದ ಮಕ್ಕಳ ವಿಷಯ ನ್ಯಾಯಾಲಯಕ್ಕೆ ಬಂದಾಗ ಮಗುವಿನ ಪರ ಪ್ರತಿನಿಧಿಯೊಬ್ಬರನ್ನು ನೇಮಿಸಬೇಕೆಂಬ ಷರತ್ತನ್ನು 1974ರಲ್ಲೇ ಅಲ್ಲಿನ ಕೇಂದ್ರ ಸರ್ಕಾರ ರಾಜ್ಯಗಳಿಗೆ ಕೊಡುವ ಅನುದಾನಕ್ಕೆ ಸೇರಿಸಿದರು. ನಮ್ಮಲ್ಲಿ ಹೊಸ ಕಾಯ್ದೆಯೂ ಬೇಕಿಲ್ಲ, ತಮ್ಮ ಇಲಾಖೆ ಮನಸ್ಸು ಮಾಡಿದರೆ ಸಾಕು.

ಐದು ವರ್ಷದವನು ಈಗ ಆರು ದಾಟಿದ್ದಾನೆ. ರಾತ್ರಿ ಚಾಪೆಯ ಗೋಡೆ ಬದಿಯ ಅರ್ಧವನ್ನು ಹಾಗೇ ಬಿಟ್ಟು, ಅಂಚಿನಲ್ಲಿ ಮಲಗುತ್ತಾನೆ. ನಡುವೆ ಮಲಗಪ್ಪ ಎಂದರೆ, ಅದು ಅಕ್ಕನ ಜಾಗ ಎನ್ನುತ್ತಾನೆ.

ಅವನ ಪೋಷಕತ್ವದ ಅವಧಿಯನ್ನು ಮುಂದುವರಿಸುವ ವಿಚಾರ ಬರುವ ತಿಂಗಳು ಅದೇ ಸಮಿತಿಯ ಮುಂದೆ ಬರಲಿದೆ. ನಾವಿಬ್ಬರೂ ಅದೇ ಬೆಂಚಿನ ಮೇಲೆ ಕೂತಿರುತ್ತೇವೆ. ಅವನ ಅಕ್ಕ ಬರೆದ ಚೀಟಿ ಇನ್ನೂ ನನ್ನ ಚೀಲದಲ್ಲಿದೆ. ಅದನ್ನು ಕೈಯಲ್ಲಿ ಹಿಡಿದು ಒಳಗೆ ಹೋಗುವ ಒಬ್ಬ ವಕೀಲರನ್ನು ಅಷ್ಟರೊಳಗೆ ಕಳಿಸಿಕೊಡಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಪೋಷಕ ತಾಯಿ
ಪಾಂಡವಪುರ ತಾಲ್ಲೂಕು, ಮಂಡ್ಯ ಜಿಲ್ಲೆ