ಮಂಗಳದಲ್ಲಿ ಗುರುತ್ವ ಇದೆ ಸ್ವಾಮಿ!

ಮಾನ್ಯ ಸಂಪಾದಕರೇ,

ಭಾನುವಾರದ ವಿಜ್ಞಾನ ಮೇಳದ ವರದಿಯನ್ನು ಸೋಮವಾರದ ಪೇಪರಿನಲ್ಲಿ ಓದಿದೆ. 'ಮಂಗಳ ಗ್ರಹಕ್ಕೆ ಗುರುತ್ವಾಕರ್ಷಣೆ ಇಲ್ಲ, ಅದಕ್ಕೇ ಅಲ್ಲಿನ ಗಾಳಿ ಹಾರಿಹೋಯಿತು' ಎಂದು ಮುಖ್ಯ ಅತಿಥಿಗಳು ಅಪ್ಪಣೆ ಕೊಡಿಸಿದ್ದನ್ನು ಬಾಕ್ಸ್ ಮಾಡಿ ಬೇರೆ ಹಾಕಿದ್ದೀರಿ. ಬಹಳ ಸಂತೋಷ.

ನಾನು ಬಸ್ ಸ್ಟ್ಯಾಂಡ್ ಹಿಂದೆ ಪಂಕ್ಚರ್ ಅಂಗಡಿ ಇಟ್ಟವನು. ಇಪ್ಪತ್ತೆಂಟು ವರ್ಷದಿಂದ ಗಾಳಿ ತುಂಬುತ್ತಿದ್ದೇನೆ. ಭಾನುವಾರ ಅಂದರೆ ಒಳ್ಳೆ ವ್ಯಾಪಾರದ ದಿನ. ಆದರೂ ಶಟರ್ ಎಳೆದು ಮೇಳಕ್ಕೆ ಹೋದೆ. ಮಗಳು ಒಂಬತ್ತನೇ ಕ್ಲಾಸು. ಗ್ರಹಗಳ ಗಾಳಿ ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ ಎಂದು ಮೂರು ವಾರ ಕೂತು ಚಾರ್ಟ್ ಬರೆದಿದ್ದಳು. ಹತ್ತು ಗಂಟೆಗೆ ಬರಬೇಕಿದ್ದ ಅತಿಥಿಗಳು ಬಂದಿದ್ದು ಒಂದೂವರೆಗೆ. ಅಲ್ಲಿವರೆಗೆ ಮಕ್ಕಳಿಗೆ ನೀರೂ ಇಲ್ಲ. ಟೌನ್ ಹಾಲಿನ ಫ್ಯಾನು ತಿರುಗದೆ ಎಷ್ಟು ವರ್ಷವಾಯ್ತು ಎಂಬುದು ನಿಮಗೂ ಗೊತ್ತು. ಮಂಗಳದಲ್ಲಿ ಗಾಳಿ ಇಲ್ಲದಿದ್ದರೆ ಹೇಗಿರುತ್ತೆ ಎಂದು ತೋರಿಸಲು ಹೀಗೆ ಏರ್ಪಾಡು ಮಾಡಿದ್ದರೋ ಏನೋ.

ಬಂದವರು ಮೊದಲು ಗ್ಯಾಸ್ ಬಲೂನುಗಳ ಗೊಂಚಲು ಹಾರಿಬಿಟ್ಟು ಉದ್ಘಾಟನೆ ಮಾಡಿದರು. ಅದರೊಳಗೆ ಹೀಲಿಯಂ ಇತ್ತೋ ಹೈಡ್ರೋಜನ್ ಇತ್ತೋ ನೋಡಿದವರಿಲ್ಲ. ಭೂಮಿಯಿಂದ ಸೋರಿ ಆಕಾಶಕ್ಕೆ ಹೋಗುವ ಅನಿಲಗಳಲ್ಲಿ ಮುಖ್ಯವಾದವು ಇವೆರಡೇ. ಹೈಡ್ರೋಜನ್ ಒಂದೇ ಸೆಕೆಂಡಿಗೆ ಸುಮಾರು 3 ಕಿಲೋ ಹೋಗುತ್ತಂತೆ. ಚಾರ್ಟಿನಲ್ಲಿ ಅದೂ ಇತ್ತು. ಅತಿಥಿಗಳು ಚಾರ್ಟ್ ಓದಿ ಬಲೂನು ಬಿಟ್ಟಿದ್ದರೆ ಚೆನ್ನಾಗಿರುತ್ತಿತ್ತು.

ಆಮೇಲೆ ಮಗಳ ಮುಂದೆ ನಿಂತರು. 'ಗುರುತ್ವ ಇಲ್ಲದ್ದಕ್ಕೆ ಅಲ್ವೇನಮ್ಮ ಗಾಳಿ ಹೋಗಿದ್ದು, ಇಷ್ಟೆಲ್ಲ ಯಾಕೆ ಬರೆದೆ?' ಎಂದರು. 'ಇದೆ ಸಾರ್, ನಮ್ಮದರಲ್ಲಿ ನೂರಕ್ಕೆ 38ರಷ್ಟು ಇದೆ' ಅಂದಳು. ಅವರು ನಕ್ಕರು. ಅವಳು ಬಿಡಲಿಲ್ಲ. 'ಶನಿಯ ಚಂದ್ರ ಟೈಟನ್‌ನಲ್ಲಿ ಗುರುತ್ವ ಮಂಗಳಕ್ಕಿಂತ ಕಡಿಮೆ, ನಮ್ಮ ಚಂದ್ರನಿಗಿಂತಲೂ ಕಡಿಮೆ. ಅಲ್ಲಿ ಭೂಮಿಗಿಂತ ಒಂದೂವರೆ ಪಟ್ಟು ಒತ್ತಡದ ಗಾಳಿ ಹೇಗಿದೆ ಸಾರ್?' ಎಂದು ಕೇಳಿದಳು. 'ಟೈಟನ್ ಅಂದ್ರೆ ವಾಚ್ ಅಲ್ವಾ' ಎಂದು ಹೇಳಿ ಮುಂದೆ ಹೋದರು. ಹಿಂದಿದ್ದವರೆಲ್ಲ ನಕ್ಕರು. ತೀರ್ಪುಗಾರರೂ ನಕ್ಕರು. ಅದು ನನಗೆ ಸಿಟ್ಟು ಬರಿಸಿದ್ದು.

ಉತ್ತರ ಚಾರ್ಟಿನ ಕೆಳಗೇ ಇತ್ತು ಸ್ವಾಮಿ. ಟೈಟನ್ ಸೂರ್ಯನಿಂದ ಬಲು ದೂರ, ಸೊನ್ನೆಗಿಂತ 180 ಡಿಗ್ರಿ ಕೆಳಗಿನ ಚಳಿ. ಚಳಿಗೆ ಅನಿಲದ ಕಣಗಳು ನಿಧಾನ, ತಪ್ಪಿಸಿಕೊಂಡು ಓಡುವಷ್ಟು ವೇಗ ಇಲ್ಲ. ಮಂಗಳದ ಕಥೆ ಬೇರೆ. ಭೂಮಿಗೆ ಈಗಿರುವ ಹಾಗೆ ಅದಕ್ಕೂ ಹಿಂದೆ ಅಯಸ್ಕಾಂತದ ರಕ್ಷಣೆ ಇತ್ತು. ಸುಮಾರು 400 ಕೋಟಿ ವರ್ಷದ ಹಿಂದೆ ಅದು ನಿಂತುಹೋಯಿತು. ಅಲ್ಲಿಂದ ಸೂರ್ಯನ ಕಡೆಯಿಂದ ಬೀಸುವ ಸೌರಮಾರುತ, ಅಂದರೆ ವಿದ್ಯುತ್ ಕಣಗಳ ಹರಿವು, ಅದರ ಗಾಳಿಯನ್ನು ಕೆರೆದುಕೊಂಡು ಹೋಗುತ್ತಲೇ ಇದೆ. ನಮ್ಮ ಮಂಗಳಯಾನ ತಲುಪಿದ ಅದೇ 2014ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇವನ್ ನೌಕೆಯೂ ಅಲ್ಲಿಗೆ ಮುಟ್ಟಿ ಅಳೆದು ನೋಡಿತು. ಈಗಲೂ ಸೆಕೆಂಡಿಗೆ ಸುಮಾರು 100 ಗ್ರಾಂ ಹೋಗುತ್ತಿದೆ. ಸೂರ್ಯ ಚಿಕ್ಕವನಿದ್ದಾಗ ಇನ್ನೂ ಜಾಸ್ತಿ ಹೋಗುತ್ತಿತ್ತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಟೈರ್ ಸಿಡಿದದ್ದಲ್ಲ, ವಾಲ್ವ್ ಲೀಕು. ರಾತ್ರಿ ಸರಿ ಇರುತ್ತೆ, ಬೆಳಿಗ್ಗೆ ಕೂತಿರುತ್ತೆ. ನನ್ನ ಗೇಜು ಸೊನ್ನೆ ತೋರಿಸುವಾಗಲೂ ಸುತ್ತಲ ಗಾಳಿ ನಮ್ಮನ್ನು 14 ಪಿಎಸ್‌ಐ ಹತ್ತಿರ ಒತ್ತುತ್ತಿರುತ್ತದೆ. ಮಂಗಳದಲ್ಲಿ ಅದು 0.1 ಕೂಡ ಇಲ್ಲ.

ಈ ಸೌರಮಾರುತ ಬಿಟ್ಟುಬಿಟ್ಟು ಅಲ್ಲ, ನಿಲ್ಲದೆ ಬೀಸುತ್ತದೆ ಎಂದು ಮ್ಯಾರಿನರ್-2 ನೌಕೆಯ ಮಾಹಿತಿ ಹಿಡಿದು 1960ರ ದಶಕದಲ್ಲೇ ತೋರಿಸಿದವರಲ್ಲಿ, ಮುಂದೆ ಇಸ್ರೋ ಅಧ್ಯಕ್ಷರಾದ ಯು.ಆರ್. ರಾವ್ ಒಬ್ಬರು. ಉಡುಪಿ ಕಡೆಯ ಅದಮಾರಿನವರು. ಅವರ ಫೋಟೋಗೆ ಹಾರ ಹಾಕಿಯೇ ನಮ್ಮ ಅತಿಥಿಗಳು ಭಾಷಣ ಶುರು ಮಾಡಿದ್ದು!

ಮೊದಲ ಬಹುಮಾನ ಅಡುಗೆ ಸೋಡಾ ಜ್ವಾಲಾಮುಖಿಗೆ ಹೋಯಿತು. ಪ್ರತಿ ವರ್ಷ ಅದಕ್ಕೇ ಹೋಗುತ್ತದೆ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಭೂಮಿ, ಮಂಗಳದಂಥ ಕಲ್ಲಿನ ಗ್ರಹಗಳಿಗೆ ಗಾಳಿ ಬಂದಿದ್ದೇ ಬಹುಪಾಲು ಜ್ವಾಲಾಮುಖಿ ಉಗುಳಿದ ಅನಿಲದಿಂದ, ಚಾರ್ಟಿನ ಮೊದಲ ಸಾಲೇ ಅದು. ಅವನ ಸೋಡಾದಿಂದ ನೊರೆಗಟ್ಟಿ ಬಂದ ಇಂಗಾಲದ ಡೈಆಕ್ಸೈಡ್ ಇದೆಯಲ್ಲ, ಮಂಗಳದಲ್ಲಿ ಉಳಿದಿರುವ ಗಾಳಿಯಲ್ಲಿ ನೂರಕ್ಕೆ 95 ಅದೇ. ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ ಮಾತಾಡಿಸುವ ಬುದ್ಧಿ ಒಬ್ಬರಿಗೂ ಬರಲಿಲ್ಲ.

ಮೇಳ ನಡೆಸಿದ ಇದೇ ಕಚೇರಿಯವರು ಎರಡು ವರ್ಷದ ಹಿಂದೆ ಶಾಲೆಗೆ ದೂರದರ್ಶಕ ಕೊಡುತ್ತೇವೆ ಎಂದು ಫೋಟೋ ತೆಗೆಸಿಕೊಂಡಿದ್ದರು. ಅದು ಇನ್ನೂ ಬೀರುವಿನಲ್ಲಿದೆ, ಕೀ ಯಾರ ಹತ್ತಿರ ಇದೆ ಎಂದು ಕೇಳಿದರೆ ವರ್ಗವಾಗಿ ಹೋದವರ ಹೆಸರು ಹೇಳುತ್ತಾರೆ. ನನ್ನ ಅಂಗಡಿ ಮುಂದಿನ ಚರಂಡಿಗೆ ಮೂರು ಅರ್ಜಿ ಕೊಟ್ಟಿದ್ದೇನೆ. ಟೌನ್ ಹಾಲ್ ರಸ್ತೆಯ ಗುಂಡಿಯಿಂದ ನನಗೆ ವ್ಯಾಪಾರವೇ, ಸುಳ್ಳು ಹೇಳಲ್ಲ. ಆದರೂ ನಾಚಿಕೆ ಆಗಬೇಕಲ್ವಾ?

ತಪ್ಪಾಯಿತು ಎಂದು ಕಚೇರಿಯವರು ತಿದ್ದುಪಡಿ ಕೊಡಲಿ. ಇಲ್ಲವೇ ನೀವೇ ಅಷ್ಟೇ ದೊಡ್ಡ ಬಾಕ್ಸಿನಲ್ಲಿ ಹಾಕಿ. ಎರಡೂ ಆಗದಿದ್ದರೆ ಮುಂದಿನ ವರ್ಷ ಕಚೇರಿಯವರು ಅತಿಥಿಗಳನ್ನೇ ಕರೆಯದಿರಲಿ, ಆ ದುಡ್ಡಲ್ಲಿ ಫ್ಯಾನು ರಿಪೇರಿ ಮಾಡಿಸಲಿ. ಅಂದ ಹಾಗೆ ಹೊರಡುವಾಗ ಅತಿಥಿಗಳ ಕಾರಿನ ಹಿಂದಿನ ಟೈರ್ ಕೂತಿತ್ತು. ಡ್ರೈವರ್ ನನ್ನ ಅಂಗಡಿ ಹುಡುಕಿಕೊಂಡು ಹೋದನಂತೆ. ಬಾಗಿಲು ಹಾಕಿತ್ತು.

ಇಂತಿ,
ಬಸ್ ಸ್ಟ್ಯಾಂಡ್ ಹಿಂದಿನ ಪಂಕ್ಚರ್ ಅಂಗಡಿಯವ